ಬಿಸಿಗೆ ಬಗ್ಗದ ಕಿಣ್ವ, ಲೆಕ್ಕಕ್ಕೆ ಸಿಗುವ ಇಳುವರಿ



ಕೋಳಿಮೊಟ್ಟೆಯನ್ನು ಬೇಯಿಸಿದಾಗ ಒಳಗಿನ ತಿಳಿಲೋಳೆ ಬೆಳ್ಳಗೆ ಗಟ್ಟಿಯಾಗುತ್ತದೆ. ಎಷ್ಟು ತಣ್ಣೀರಲ್ಲಿಟ್ಟರೂ ಅದು ಮತ್ತೆ ಲೋಳೆಯಾಗುವುದಿಲ್ಲ. ಆ ಲೋಳೆಯಲ್ಲಿರುವುದು ಪ್ರೋಟೀನು. ಪ್ರೋಟೀನೆಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಅದು ತಾನಾಗಿಯೇ ಮಡಚಿಕೊಂಡು ಒಂದು ಆಕಾರಕ್ಕೆ ಬಂದಿರುತ್ತದೆ. ಬಿಸಿ ಏರಿದರೆ ಮಡಿಕೆ ಬಿಚ್ಚುತ್ತದೆ, ಸರಪಳಿಗಳು ಒಂದಕ್ಕೊಂದು ತೊಡರಿ ಮುದ್ದೆಯಾಗುತ್ತವೆ. ಜೀವಿಗಳ ಒಳಗಿನ ರಾಸಾಯನಿಕ ಕೆಲಸವನ್ನೆಲ್ಲ ನಡೆಸುವ ಕಿಣ್ವಗಳೂ ಬಹುಪಾಲು ಪ್ರೋಟೀನುಗಳೇ. ನಮ್ಮ ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಅನ್ನದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಅದನ್ನು ಒಮ್ಮೆ ಕುದಿಸಿಬಿಟ್ಟರೆ ಮತ್ತೆ ಕೆಲಸ ಮಾಡುವುದಿಲ್ಲ.

ಆದರೆ ಮೆಕ್ಕೆಜೋಳದಿಂದ ಗ್ಲೂಕೋಸ್ ತೆಗೆಯುವ ಕಾರ್ಖಾನೆಗೆ ಬೇಕಾದದ್ದು ಬೇರೆಯೇ ಜಾತಿಯ ಅಮೈಲೇಸ್. ಅಲ್ಲಿ ಪಿಷ್ಟವನ್ನು ನೀರಿನಲ್ಲಿ ಕದಡಿ, ಒತ್ತಡದ ಹಬೆಯಿಂದ 105 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸುತ್ತಾರೆ. ಕೆಲವೇ ನಿಮಿಷ ಆ ಬಿಸಿ, ಆಮೇಲೆ 95 ಡಿಗ್ರಿಯಲ್ಲಿ ಒಂದೆರಡು ಗಂಟೆ. ಬಿಸಿಗೆ ಪಿಷ್ಟದ ಹರಳುಗಳು ಉಬ್ಬಿ ಒಡೆದು ಗಂಜಿಯಾಗುತ್ತವೆ. ಗಂಜಿ ಗಟ್ಟಿಯಾಗಿ ಕೊಳವೆಯಲ್ಲಿ ಹರಿಯದಂತಾಗುವ ಮೊದಲೇ ಪಿಷ್ಟದ ಎಳೆಗಳನ್ನು ತುಂಡರಿಸಬೇಕು. ಆ ಕೆಲಸಕ್ಕೆ ಬಹುಕಾಲದಿಂದ ದುಡಿಯುತ್ತಿರುವುದು ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾದ ಆಲ್ಫಾ ಅಮೈಲೇಸ್. ಮಗ್ಗಕ್ಕೆ ಏರಿಸುವ ಮುನ್ನ ಹಾಸಿನ ನೂಲಿಗೆ ಹಾಕಿದ ಗಂಜಿಯನ್ನು ಬಟ್ಟೆಯಾದ ಮೇಲೆ ತೊಳೆದು ತೆಗೆಯುವುದಕ್ಕೂ ಇಂಥದೇ ಕಿಣ್ವ ಬೇಕು. ಕಾಗದದ ತಿರುಳನ್ನು ಬಿಳಿ ಮಾಡುವಾಗ ಕ್ಲೋರಿನ್ ಬಳಕೆ ತಗ್ಗಿಸಲು ಕ್ಸೈಲನೇಸ್, ಬಟ್ಟೆ ಒಗೆಯುವ ಪುಡಿಯಲ್ಲಿ ಕಲೆ ತೆಗೆಯಲು ಪ್ರೋಟಿಯೇಸ್. ಇವೆಲ್ಲವೂ ಬಿಸಿಯನ್ನು ತಡೆದುಕೊಂಡಷ್ಟೂ ಬೆಲೆಬಾಳುತ್ತವೆ.

ಬಿಸಿ ತಡೆಯುವ ಕಿಣ್ವಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಟ್ಯಾಕ್ ಪಾಲಿಮರೇಸ್. ಕೋವಿಡ್ ಕಾಲದಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆ ಎಂಬ ಮಾತು ಮನೆಮನೆಯಲ್ಲೂ ಕೇಳಿಬಂತಲ್ಲ, ಡಿಎನ್‌ಎಯನ್ನು ಸುತ್ತು ಸುತ್ತಾಗಿ ನಕಲು ಮಾಡುವ ಪಿಸಿಆರ್ ಎಂಬ ಆ ತಂತ್ರ ಮನೆಮಾತಾಗುವ ಮಟ್ಟಕ್ಕೆ ಬೆಳೆದದ್ದು ಈ ಕಿಣ್ವದ ಬಲದಿಂದ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಬಿಸಿನೀರಿನ ಬುಗ್ಗೆಗಳಿವೆ. 1960ರ ದಶಕದ ನಡುವಿನಲ್ಲಿ ಥಾಮಸ್ ಬ್ರಾಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಅಲ್ಲಿ ಯಾವ ಜೀವಿ ಬದುಕಿದೆ ಎಂದು ಹುಡುಕಲು ಹೊರಟರು. ಅವರ ಜತೆಗಿದ್ದವರು ಹಡ್ಸನ್ ಫ್ರೀಜ್ ಎಂಬ ಪದವಿ ವಿದ್ಯಾರ್ಥಿ. 70 ಡಿಗ್ರಿಯಲ್ಲಿ ಸುಖವಾಗಿ ಬೆಳೆಯುವ ಒಂದು ಬ್ಯಾಕ್ಟೀರಿಯಾವನ್ನು ಅವರಿಬ್ಬರು ಬೇರ್ಪಡಿಸಿ, 1969ರಲ್ಲಿ ಥರ್ಮಸ್ ಅಕ್ವಾಟಿಕಸ್ ಎಂಬ ಹೆಸರಿನಿಂದ ಪ್ರಕಟಿಸಿದರು. 1976ರಲ್ಲಿ ಅದರ ಡಿಎನ್‌ಎ ಪಾಲಿಮರೇಸನ್ನು, ಅಂದರೆ ಟ್ಯಾಕನ್ನು, ಶುದ್ಧೀಕರಿಸಿದ ವರದಿ ಬಂತು. ಕ್ಯಾರಿ ಮುಲ್ಲಿಸ್ 1983ರಲ್ಲಿ ಪಿಸಿಆರ್ ವಿಧಾನವನ್ನು ಯೋಚಿಸಿದಾಗ ಪ್ರತಿ ಸುತ್ತಿನಲ್ಲೂ ಡಿಎನ್‌ಎಯನ್ನು 95 ಡಿಗ್ರಿಗೆ ಕಾಯಿಸಬೇಕಿತ್ತು. ಆಗ ಬಳಸುತ್ತಿದ್ದ ಕಿಣ್ವ ಆ ಬಿಸಿಗೆ ಸತ್ತುಹೋಗುತ್ತಿತ್ತು, ಸುತ್ತು ಸುತ್ತಿಗೂ ಹೊಸದನ್ನು ಹಾಕಬೇಕಾಗುತ್ತಿತ್ತು. ಟ್ಯಾಕ್ ಬಂದ ಮೇಲೆ ಆ ಕಷ್ಟ ತಪ್ಪಿತು. ಹೊರಗಿನ ಯಾವ ಪ್ರಯೋಜನವನ್ನೂ ಎಣಿಸದೆ, ಕುದಿನೀರಲ್ಲಿ ಜೀವವಿದೆಯೇ ಎಂಬ ಕುತೂಹಲದಿಂದ ನಡೆದ ಹುಡುಕಾಟ ಅದು. ಅಂಥ ಕುತೂಹಲಕ್ಕೆ ಹಣ ಕೊಡಲು ಹಿಂದೆಮುಂದೆ ನೋಡುವವರಿಗೆ ನಾನು ಪ್ರತಿ ಸಲವೂ ಈ ಉದಾಹರಣೆಯನ್ನು ಹೇಳುತ್ತೇನೆ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಬಿಸಿ ತಡೆಯುವ ಕಿಣ್ವಕ್ಕೆ ಬಿಸಿನೀರಿನ ಬುಗ್ಗೆಯನ್ನೇ ಹುಡುಕಿಕೊಂಡು ಹೋಗಬೇಕಾಗಿಲ್ಲ. ಆಗಲೇ ಹೇಳಿದ ಲೈಕೆನಿಫಾರ್ಮಿಸ್ ನಮ್ಮ ಹೊಲದ ಮಣ್ಣಿನಲ್ಲೇ ಇರುವ ಜೀವಿ. ಅದು ಬೆಳೆಯಲು ಕುದಿಬಿಸಿ ಬೇಕಿಲ್ಲ, ಆದರೂ ಅದು ಹೊರಗೆ ಸುರಿಸುವ ಅಮೈಲೇಸ್ ನೂರು ಡಿಗ್ರಿಯ ಆಚೆಗೂ ಸ್ವಲ್ಪ ಹೊತ್ತು ತಡೆಯುತ್ತದೆ. ಚೆನ್ನಾಗಿ ಕೊಳೆಯುತ್ತಿರುವ ಗೊಬ್ಬರದ ರಾಶಿಯ ನಡುವಿಗೆ ಕೈ ಹಾಕಿದವರಿಗೆ ಅಲ್ಲಿನ ಬಿಸಿ ಗೊತ್ತು. ಅದು 60 ಡಿಗ್ರಿ ದಾಟುವುದುಂಟು, ಅಲ್ಲೂ ಬಿಸಿಪ್ರಿಯ ಬ್ಯಾಕ್ಟೀರಿಯಾಗಳ ದೊಡ್ಡ ಸಂಸಾರವೇ ಇದೆ.

ಹೀಗೆ ಒಳ್ಳೆಯ ಬ್ಯಾಕ್ಟೀರಿಯಾ ಸಿಕ್ಕಿತು ಎಂದಿಟ್ಟುಕೊಳ್ಳಿ. ಅಲ್ಲಿಂದ ಶುರುವಾಗುತ್ತದೆ ನಿಜವಾದ ತಾಪತ್ರಯ. ಜೀವಿ ತನಗೆ ಬೇಕಾದಷ್ಟೇ ಕಿಣ್ವ ಮಾಡಿಕೊಳ್ಳುತ್ತದೆ. ನಮಗೆ ಬೇಕಾದದ್ದು ಅದರ ಹತ್ತು ಪಟ್ಟು, ನೂರು ಪಟ್ಟು. ಅದಕ್ಕೆ ಏನು ತಿನ್ನಿಸಬೇಕು, ಎಷ್ಟು ತಿನ್ನಿಸಬೇಕು? ಪಿಷ್ಟ ಎಷ್ಟು, ಸಾರಜನಕಕ್ಕೆ ಶೇಂಗಾ ಹಿಂಡಿಯೋ ಯೀಸ್ಟ್ ಸಾರವೋ, ಕ್ಯಾಲ್ಸಿಯಂ ಎಷ್ಟು, ಆಮ್ಲೀಯತೆ ಎಷ್ಟಿರಬೇಕು, ಎಷ್ಟು ಡಿಗ್ರಿ, ಎಷ್ಟು ಗಾಳಿ, ಎಷ್ಟು ಗಂಟೆ? ಪ್ರಶ್ನೆಗಳು ಏಳು. ಒಂದೊಂದಕ್ಕೂ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರೇ ಮಟ್ಟ ಇಟ್ಟುಕೊಂಡರೂ ಒಟ್ಟು ಜೋಡಣೆಗಳು 2,187. ಒಂದು ಸಲಕ್ಕೆ 12 ಫ್ಲಾಸ್ಕು, ಪ್ರತಿ ಸಲಕ್ಕೆ ಮೂರು ದಿನ ಎಂದು ಲೆಕ್ಕ ಹಾಕಿದರೆ ಬಿಡುವೇ ಇಲ್ಲದೆ ದುಡಿದರೂ ಒಂದೂವರೆ ವರ್ಷ ಬೇಕು.

ಆದ್ದರಿಂದ ಜನ ಹಿಡಿಯುವ ಸುಲಭದ ದಾರಿಯೆಂದರೆ, ಬೇರೆಲ್ಲವನ್ನೂ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸುವುದು. ಮೊದಲು ಉಷ್ಣತೆ ಬದಲಿಸಿ ನೋಡಿ, ಚೆನ್ನಾಗಿ ಬಂದದ್ದನ್ನು ನಿಲ್ಲಿಸಿಕೊಳ್ಳುವುದು, ಆಮೇಲೆ ಪಿಷ್ಟ, ಆಮೇಲೆ ಕ್ಯಾಲ್ಸಿಯಂ. ನೋಡಲು ಶಿಸ್ತಾಗಿ ಕಾಣುತ್ತದೆ. ನಮ್ಮ ಎಷ್ಟೋ ಪ್ರಯೋಗಾಲಯಗಳಲ್ಲಿ ಇವತ್ತಿಗೂ ನಡೆಯುವುದು ಇದೇ. ಆದರೆ ಈ ದಾರಿಯಲ್ಲಿ ಒಂದು ಗಂಭೀರವಾದ ದೋಷವಿದೆ. ನಾನು ಈ ಮಾತುಕತೆಗೆ ಒಪ್ಪಿಕೊಂಡದ್ದೇ ಆ ದೋಷವನ್ನು ಬಿಡಿಸಿ ಹೇಳುವುದಕ್ಕಾಗಿ.

ಬಾಬಾಬುಡನ್‌ಗಿರಿಯ ಕಡೆ ದಟ್ಟ ಮಂಜಿನಲ್ಲಿ ಒಬ್ಬರು ಬೆಟ್ಟದ ತುದಿಯನ್ನು ಹುಡುಕುತ್ತಿದ್ದಾರೆ ಎನ್ನೋಣ. ಏನೂ ಕಾಣುತ್ತಿಲ್ಲ, ಕಾಲಿಗೆ ಏರು ಇಳಿಜಾರು ಮಾತ್ರ ತಿಳಿಯುತ್ತದೆ. ಅವರು ಮೊದಲು ಪೂರ್ವ ಪಶ್ಚಿಮವಾಗಿ ಮಾತ್ರ ನಡೆದು, ಎತ್ತರವೆನಿಸಿದ ಕಡೆ ನಿಂತರು. ಅಲ್ಲಿಂದ ಉತ್ತರ ದಕ್ಷಿಣವಾಗಿ ಮಾತ್ರ ನಡೆದರು. ಎರಡೂ ಕಡೆ ಇಳಿಜಾರೇ ಸಿಕ್ಕಿತು. ತುದಿ ಮುಟ್ಟಿದೆ ಎಂದು ಕೂತರು. ಆದರೆ ಬೆಟ್ಟದ ಏಣು ಈಶಾನ್ಯಕ್ಕೆ ಓರೆಯಾಗಿ ಏರುತ್ತಾ ಹೋಗಿದೆ. ಅವರು ಕೂತಿರುವುದು ಆ ಏಣಿನ ಅರ್ಧದಲ್ಲಿ. ಎರಡು ದಿಕ್ಕಿಗೂ ಒಟ್ಟಿಗೆ ಹೆಜ್ಜೆ ಹಾಕಿದ್ದರೆ ಮಾತ್ರ ಮೇಲೆ ಹೋಗಬಹುದಿತ್ತು.

ಬ್ಯಾಕ್ಟೀರಿಯಾದ ಫ್ಲಾಸ್ಕಿನಲ್ಲಿ ಇಂಥ ಓರೆ ಏಣುಗಳೇ ಹೆಚ್ಚು. ಒಂದು ಅಂಶದ ಪ್ರಭಾವ ಇನ್ನೊಂದರ ಮಟ್ಟವನ್ನು ಅವಲಂಬಿಸಿರುತ್ತದೆ. ಗಾಳಿಯನ್ನೇ ನೋಡಿ. 30 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು ಏಳೂವರೆ ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ. 60 ಡಿಗ್ರಿಯಲ್ಲಿ ಐದು ಮಿಲಿಗ್ರಾಂ ಕೂಡ ನಿಲ್ಲುವುದಿಲ್ಲ. ಅಂದರೆ ಬಿಸಿಪ್ರಿಯ ಬ್ಯಾಕ್ಟೀರಿಯಾವನ್ನು ಬಿಸಿಯಲ್ಲಿ ಬೆಳೆಸುವಾಗ ಮೊದಲಿಗಿಂತ ಹೆಚ್ಚು ಕಲಕಬೇಕು, ಹೆಚ್ಚು ಗಾಳಿ ಊದಬೇಕು. ಕಡಿಮೆ ಗಾಳಿಯಲ್ಲಿ ಉಷ್ಣತೆಯನ್ನು ಪರೀಕ್ಷಿಸಿದವರಿಗೆ ಹೆಚ್ಚಿನ ಉಷ್ಣತೆ ಒಗ್ಗುವುದಿಲ್ಲ ಎಂದು ಕಂಡೀತು. ಅಲ್ಲಿ ಕೊರತೆಯಾದದ್ದು ಗಾಳಿ. ಸಕ್ಕರೆಯದೂ ಹಾಗೆಯೇ. ಸುಲಭವಾಗಿ ಗ್ಲೂಕೋಸ್ ಸಿಕ್ಕರೆ ಬ್ಯಾಸಿಲಸ್ ಪಿಷ್ಟ ಒಡೆಯುವ ಕಿಣ್ವ ತಯಾರಿಸುವ ಗೋಜಿಗೇ ಹೋಗುವುದಿಲ್ಲ, ಆ ಜೀನನ್ನು ಅದುಮಿಡುತ್ತದೆ. ಕೋಶಗಳ ಸಂಖ್ಯೆ ಬೆಳೆಯಲು ಆಹಾರ ಬೇಕು, ಆದರೆ ಆಹಾರ ಹೆಚ್ಚಾದರೆ ಕಿಣ್ವವಿಲ್ಲ. ಎಷ್ಟು ಹಿಂಡಿಗೆ ಎಷ್ಟು ಪಿಷ್ಟ, ಯಾವ ಗಂಟೆಯಲ್ಲಿ ಎಂಬುದು ಒಂದನ್ನೊಂದು ಬಿಟ್ಟು ಉತ್ತರಿಸುವ ಪ್ರಶ್ನೆಯಲ್ಲ.

ಈ ತೊಡಕಿಗೆ ಉತ್ತರ ಹುಟ್ಟಿದ್ದು ಹೊಲದಲ್ಲಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ರೊನಾಲ್ಡ್ ಫಿಷರ್ 1920ರ ದಶಕದಲ್ಲಿ, ಒಮ್ಮೆಗೆ ಒಂದೇ ಅಂಶ ಬದಲಿಸಬೇಕೆಂಬ ಅಂದಿನ ನಂಬಿಕೆಯನ್ನು ನೇರವಾಗಿ ತಳ್ಳಿಹಾಕಿದರು. ಹಲವು ಅಂಶಗಳನ್ನು ಒಟ್ಟಿಗೆ, ಆದರೆ ಯೋಜನೆಯ ಪ್ರಕಾರ ಬದಲಿಸಿದರೆ ಪ್ರತಿಯೊಂದರ ಪ್ರಭಾವವನ್ನೂ ಪರಸ್ಪರ ಪ್ರಭಾವವನ್ನೂ ಲೆಕ್ಕದಿಂದ ಬೇರ್ಪಡಿಸಬಹುದು ಎಂದು ತೋರಿಸಿದರು. 1946ರಲ್ಲಿ ಪ್ಲಾಕೆಟ್ ಮತ್ತು ಬರ್ಮನ್ ಇನ್ನೂ ಮಿತವ್ಯಯದ ಯೋಜನೆ ಕೊಟ್ಟರು: ಹನ್ನೊಂದು ಅಂಶಗಳ ಮುಖ್ಯ ಪ್ರಭಾವವನ್ನು ಹನ್ನೆರಡೇ ಪ್ರಯೋಗಗಳಲ್ಲಿ ಅಂದಾಜು ಮಾಡಬಹುದು. ಯಾವುದು ಮುಖ್ಯ, ಯಾವುದು ಬಿಡಬಹುದಾದದ್ದು ಎಂದು ಜರಡಿ ಹಿಡಿಯಲು ಇವತ್ತಿಗೂ ಕಿಣ್ವದ ಕೆಲಸದಲ್ಲಿ ಮೊದಲು ಬಳಸುವುದು ಅದನ್ನೇ.

ಮರುವರ್ಷ, 1947ರಲ್ಲಿ, ಈ ಕಥೆಗೆ ನಮ್ಮ ನೆಲದಲ್ಲಿ ಹುಟ್ಟಿದವರೊಬ್ಬರು ಸೇರಿಕೊಳ್ಳುತ್ತಾರೆ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್, ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು, ಆರ್ಥಾಗನಲ್ ಅರೇ ಎಂದು ಹೆಸರಾದ ಜೋಡಣೆಗಳ ಗಣಿತವನ್ನು ಕಟ್ಟಿಕೊಟ್ಟರು. ಎಲ್ಲ ಜೋಡಣೆಗಳನ್ನೂ ಮಾಡದೆ, ಯಾವ ಎರಡು ಅಂಶಗಳನ್ನು ತೆಗೆದುಕೊಂಡರೂ ಅವುಗಳ ಮಟ್ಟಗಳು ಸಮಸಮವಾಗಿ ಕೂಡಿಬರುವಂತೆ ಕೆಲವನ್ನು ಮಾತ್ರ ಆರಿಸುವ ಬಗೆ ಅದು. ಜಪಾನಿನ ಗೆನಿಚಿ ತಗುಚಿ 1950ರ ದಶಕದಲ್ಲಿ ಅದೇ ಕೋಲ್ಕತ್ತದ ಸಂಸ್ಥೆಗೆ ಅತಿಥಿ ಪ್ರಾಧ್ಯಾಪಕರಾಗಿ ಬಂದಿದ್ದರು. ಮುಂದೆ ಅವರು ಇಂಥ ಜೋಡಣೆಗಳನ್ನು ಕಾರ್ಖಾನೆಗಳ ಗುಣಮಟ್ಟದ ಕೆಲಸದಲ್ಲಿ ಲೋಕವೆಲ್ಲ ಬಳಸುವಂತೆ ಮಾಡಿದರು. ಇಂದು ಕಿಣ್ವದ ಇಳುವರಿ ಹೆಚ್ಚಿಸಲು ತಗುಚಿ ವಿಧಾನ ಬಳಸಿದೆವೆಂದು ಬರೆಯುವ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಹಡಗಲಿಯ ನಂಟು ತಿಳಿದಿದೆಯೋ! ರಾವ್ ಅವರು 2023ರಲ್ಲಿ, ನೂರೆರಡು ತುಂಬಿದ ಮೇಲೆ, ತೀರಿಕೊಂಡರು.

ಮುಂದಿನ ಹೆಜ್ಜೆ 1951ರದು. ಜಾರ್ಜ್ ಬಾಕ್ಸ್ ಮತ್ತು ಕೆ. ಬಿ. ವಿಲ್ಸನ್ ಇಂಗ್ಲೆಂಡಿನ ಐಸಿಐ ರಾಸಾಯನಿಕ ಕಂಪನಿಯಲ್ಲಿದ್ದವರು. ಹೊಲದಲ್ಲಿ ಫಲಿತಾಂಶಕ್ಕೆ ಒಂದು ಬೆಳೆ ಕಾಯಬೇಕು, ರಾಸಾಯನಿಕ ಪ್ರಯೋಗದಲ್ಲಿ ಉತ್ತರ ಬೇಗ ಸಿಗುತ್ತದೆ; ಹಾಗಿದ್ದಮೇಲೆ ಒಂದು ಸಣ್ಣ ಗುಂಪು ಪ್ರಯೋಗ ಮಾಡಿ, ಅದರಿಂದ ಏರು ಯಾವ ಕಡೆಗಿದೆ ಎಂದು ಲೆಕ್ಕಹಾಕಿ, ಆ ದಿಕ್ಕಿಗೆ ಸರಿದು, ಮತ್ತೊಂದು ಗುಂಪು ಮಾಡಬಹುದಲ್ಲ ಎಂಬುದು ಅವರ ಯೋಚನೆ. ತುದಿಯ ಹತ್ತಿರ ಬಂದಾಗ ಬಾಗುವ ಮೇಲ್ಮೈಯನ್ನು ವರ್ಗಸಮೀಕರಣದಿಂದ ಹಿಡಿಯುತ್ತಾರೆ. ಇದಕ್ಕೆ ಪ್ರತಿಕ್ರಿಯಾ ಮೇಲ್ಮೈ ವಿಧಾನ ಎನ್ನುತ್ತಾರೆ. ಮೂರು ಅಂಶಗಳಿದ್ದರೆ ಆ ಸಮೀಕರಣದಲ್ಲಿ ಹತ್ತು ಗುಣಾಂಕಗಳು; ಇಪ್ಪತ್ತು ಫ್ಲಾಸ್ಕುಗಳಲ್ಲಿ ಅವೆಲ್ಲವನ್ನೂ ಅಂದಾಜು ಮಾಡಬಹುದು. ಆಮೇಲೆ, ಯಾರೂ ಇನ್ನೂ ಇಡದ ಫ್ಲಾಸ್ಕಿನಲ್ಲಿ ಎಷ್ಟು ಕಿಣ್ವ ಬಂದೀತೆಂದು ಸಮೀಕರಣವೇ ಮುಂಚಿತವಾಗಿ ಹೇಳುತ್ತದೆ.

ಟ್ಯಾಕ್ ಪಾಲಿಮರೇಸನ್ನೇ ತೆಗೆದುಕೊಂಡು ಇದು ಹೇಗೆ ನಡೆಯುತ್ತದೆಂದು ನೋಡೋಣ. ಥರ್ಮಸ್ ಅಕ್ವಾಟಿಕಸ್ ತಾನಾಗಿ ಕೊಡುವ ಪಾಲಿಮರೇಸ್ ಬಹಳ ಕಡಿಮೆ. ಅದಕ್ಕೇ 1989ರಲ್ಲಿ ಆ ಜೀನನ್ನು ಇ. ಕೋಲೈ ಎಂಬ, ನಮ್ಮ ಕರುಳಿನಲ್ಲೂ ಇರುವ ಬ್ಯಾಕ್ಟೀರಿಯಾಕ್ಕೆ ಸೇರಿಸಿದ ಕೆಲಸ ಪ್ರಕಟವಾಯಿತು. ಇ. ಕೋಲೈ 37 ಡಿಗ್ರಿಯಲ್ಲಿ ಬೆಳೆಯುತ್ತದೆ. ಒಂದು ಹಂತದಲ್ಲಿ ಐಪಿಟಿಜಿ ಎಂಬ ರಾಸಾಯನಿಕ ಹಾಕಿ ಜೀನನ್ನು ಎಬ್ಬಿಸುತ್ತಾರೆ, ಕೋಶ ಕಿಣ್ವ ತಯಾರಿಸತೊಡಗುತ್ತದೆ. ಇದರಲ್ಲಿ ನನಗೆ ಬಹಳ ಇಷ್ಟವಾದ ಭಾಗವೊಂದಿದೆ. ಕೋಶಗಳನ್ನು ಒಡೆದ ಮೇಲೆ ಆ ರಸವನ್ನು 75 ಡಿಗ್ರಿಗೆ ಕಾಯಿಸುತ್ತಾರೆ. ಇ. ಕೋಲೈಯ ಸ್ವಂತ ಪ್ರೋಟೀನುಗಳು ಬಹುಪಾಲು ಬೆಂದು ಮುದ್ದೆಯಾಗಿ ಕೆಳಗೆ ಕೂರುತ್ತವೆ, ಟ್ಯಾಕ್ ಮಾತ್ರ ತಿಳಿಯಲ್ಲಿ ಉಳಿಯುತ್ತದೆ. ಬಿಸಿ ತಡೆಯುವ ಗುಣವೇ ಶುದ್ಧೀಕರಣದ ಅರ್ಧ ಕೆಲಸವನ್ನು ಮಾಡಿಕೊಡುತ್ತದೆ.

ಈಗ ಪ್ರಶ್ನೆಗಳು: ಕೋಶಗಳು ಎಷ್ಟು ಬೆಳೆದಾಗ ಐಪಿಟಿಜಿ ಹಾಕಬೇಕು, ಎಷ್ಟು ಹಾಕಬೇಕು, ಹಾಕಿದ ಮೇಲೆ ಉಷ್ಣತೆ ಎಷ್ಟಿರಬೇಕು, ಎಷ್ಟು ಗಂಟೆ ಬಿಡಬೇಕು. ಬೇಗ ಹಾಕಿದರೆ ಕೋಶಗಳೇ ಕಡಿಮೆ. ಕಿಣ್ವ ತಯಾರಿಸುವ ಹೊರೆಗೆ ಅವು ಬೆಳೆಯುವುದನ್ನೂ ನಿಲ್ಲಿಸುತ್ತವೆ. ತಡವಾದರೆ ಆಹಾರ ಮುಗಿದಿರುತ್ತದೆ. ಉಷ್ಣತೆ ಹೆಚ್ಚಿದ್ದರೆ ಪ್ರೋಟೀನು ವೇಗವಾಗಿ ತಯಾರಾಗುತ್ತದೆ, ಆದರೆ ಇಂಥ ಎಷ್ಟೋ ಕಿಣ್ವಗಳಲ್ಲಿ ಆ ವೇಗಕ್ಕೆ ಸರಿಯಾಗಿ ಮಡಚಿಕೊಳ್ಳದೆ ಕೋಶದೊಳಗೇ ಗಂಟಾಗಿ ಕೂರುತ್ತದೆ. ಐಪಿಟಿಜಿ ಕಡಿಮೆ ಮಾಡಿ ಉಷ್ಣತೆಯನ್ನು ಉಳಿಸಿಕೊಳ್ಳಬಹುದೇ, ಅಥವಾ ಉಷ್ಣತೆ ಇಳಿಸಿ ಗಂಟೆಗಳನ್ನು ಹೆಚ್ಚಿಸಬೇಕೇ? ಬಾಕ್ಸ್ ಮತ್ತು ಬೆಹ್ನ್‌ಕೆನ್ 1960ರಲ್ಲಿ ಕೊಟ್ಟ ಯೋಜನೆಯಲ್ಲಿ ಈ ನಾಲ್ಕು ಅಂಶಗಳನ್ನು ಇಪ್ಪತ್ತೇಳು ಫ್ಲಾಸ್ಕುಗಳಲ್ಲಿ ಒಟ್ಟಿಗೆ ಕೇಳಬಹುದು. ಅದರಲ್ಲಿ ಮೂರು ಫ್ಲಾಸ್ಕುಗಳು ನಡುಮಧ್ಯದ ಒಂದೇ ಸ್ಥಿತಿಯವು. ಒಂದೇ ಬಗೆಯದನ್ನು ಮತ್ತೆ ಮತ್ತೆ ಯಾಕೆ ಇಡಬೇಕೆಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅವು ಮೂರೂ ಒಂದೇ ಉತ್ತರ ಕೊಡುವುದಿಲ್ಲ. ಆ ವ್ಯತ್ಯಾಸವೇ ನಮ್ಮ ಕೈಯ, ಅಳತೆಯ, ಜೀವಿಯ ಏರುಪೇರಿನ ಪ್ರಮಾಣ. ಅದು ತಿಳಿಯದಿದ್ದರೆ ಸಮೀಕರಣ ತೋರಿಸುವ ಹೆಚ್ಚಳ ನಿಜವೋ ಏರುಪೇರೋ ಎಂದು ಹೇಳಲು ಯಾವ ಆಧಾರವೂ ಇರುವುದಿಲ್ಲ. ಖರ್ಚು ಉಳಿಸಲು ಮೊದಲು ಕತ್ತರಿಸುವುದು ಈ ಫ್ಲಾಸ್ಕುಗಳನ್ನೇ ಎಂಬುದು ನನಗೆ ಬೇಸರದ ಸಂಗತಿ.

ಈಚೆಗೆ ವರ್ಗಸಮೀಕರಣದ ಜಾಗಕ್ಕೆ ನ್ಯೂರಲ್ ನೆಟ್‌ವರ್ಕ್ ಎಂಬ ಗಣಕಯಂತ್ರದ ಮಾದರಿಗಳು ಬಂದಿವೆ. ಮೇಲ್ಮೈ ಎಷ್ಟೇ ಅಂಕುಡೊಂಕಾಗಿದ್ದರೂ ಅವು ಹಿಡಿಯಬಲ್ಲವು. ಆದರೆ ಇಲ್ಲೊಂದು ಲೆಕ್ಕ ಹೇಳುತ್ತೇನೆ, ಪೆನ್ನು ಕಾಗದ ಇದ್ದವರು ಬರೆದುಕೊಳ್ಳಿ. ಮೂರು ಅಂಶಗಳು, ನಡುವೆ ಹತ್ತು ಘಟಕಗಳ ಒಂದು ಪದರ, ಕೊನೆಗೆ ಒಂದು ಉತ್ತರ. ಇಷ್ಟು ಪುಟ್ಟ ಜಾಲದಲ್ಲೇ ಹೊಂದಿಸಬೇಕಾದ ಸಂಖ್ಯೆಗಳು ಐವತ್ತೊಂದು. ಕೈಯಲ್ಲಿರುವ ಮಾಹಿತಿ ಇಪ್ಪತ್ತು ಫ್ಲಾಸ್ಕುಗಳದು. ಐವತ್ತೊಂದು ಸಂಖ್ಯೆಗಳನ್ನು ಬೇಕಾದಂತೆ ತಿರುಗಿಸಿ ಇಪ್ಪತ್ತು ಉತ್ತರಗಳನ್ನು ಚಾಚೂ ತಪ್ಪದೆ ಒಪ್ಪಿಸುವುದು ಕಷ್ಟವಲ್ಲ. ಹಾಗೆ ಒಪ್ಪಿಸಿದ್ದನ್ನು ನೋಡಿ ಮಾದರಿ ಶೇಕಡಾ 99 ಹೊಂದಿಕೆಯಾಗಿದೆ ಎಂದು ಬರೆದರೆ ಅದಕ್ಕೆ ಹೆಚ್ಚಿನ ಅರ್ಥವಿಲ್ಲ. ಮಾದರಿಗೆ ತೋರಿಸದೆ ಬಚ್ಚಿಟ್ಟ ನಾಲ್ಕಾರು ಫ್ಲಾಸ್ಕುಗಳ ಫಲಿತಾಂಶವನ್ನು ಅದು ಎಷ್ಟರ ಮಟ್ಟಿಗೆ ಸರಿಯಾಗಿ ಊಹಿಸಿತು ಎಂಬುದನ್ನು ಹೇಳಬೇಕು. ಮಾದರಿ ಸೂಚಿಸಿದ ಅತ್ಯುತ್ತಮ ಸ್ಥಿತಿಯಲ್ಲಿ ಫ್ಲಾಸ್ಕುಗಳನ್ನು ನಿಜವಾಗಿ ಇಟ್ಟು, ಬಂದದ್ದನ್ನು ಬಂದಂತೆಯೇ ವರದಿ ಮಾಡಬೇಕು. ಆ ಅತ್ಯುತ್ತಮ ಸ್ಥಿತಿ ನಾವು ಪರೀಕ್ಷಿಸಿದ ವ್ಯಾಪ್ತಿಯ ಅಂಚಿನಲ್ಲೇ ಸಿಕ್ಕಿದರೆ, ಹುಡುಕಾಟ ಮುಗಿದಿಲ್ಲ, ಆಚೆಗೆ ಇನ್ನೂ ಏರಿದೆ ಎಂದೇ ಅರ್ಥ.

ಮಾಹಿತಿ ಕಡಿಮೆ ಇರುವ ಕಡೆ ನನಗೆ ಹೆಚ್ಚು ಭರವಸೆ ಮೂಡಿಸಿರುವುದು ಬೇಸಿಯನ್ ಆಪ್ಟಿಮೈಸೇಷನ್ ಎಂಬ ವಿಧಾನ. ಈ ಮಾದರಿ ಉತ್ತರದ ಜತೆಗೆ ಆ ಉತ್ತರದಲ್ಲಿ ತನಗೆಷ್ಟು ಅನುಮಾನವಿದೆ ಎಂಬುದನ್ನೂ ಹೇಳುತ್ತದೆ. ಇಳುವರಿ ಹೆಚ್ಚಿರಬಹುದಾದ ಜಾಗ, ಅನುಮಾನ ಹೆಚ್ಚಿರುವ ಜಾಗ, ಎರಡನ್ನೂ ತೂಗಿ ಮುಂದಿನ ಪ್ರಯೋಗವನ್ನು ತಾನೇ ಸೂಚಿಸುತ್ತದೆ. ಹೆಜ್ಜೆ ಹಾಕಿ, ನೋಡಿ, ಮತ್ತೆ ಹೆಜ್ಜೆ ಹಾಕುವ ಬಾಕ್ಸ್ ಮತ್ತು ವಿಲ್ಸನ್ನರ ಕ್ರಮಕ್ಕೆ ಇದು ಬಹಳ ಹತ್ತಿರದ್ದು.

ಯಾವ ಮಾದರಿಯಾದರೂ ನಾವು ಅಳೆದದ್ದನ್ನೇ ಹೆಚ್ಚಿಸಿಕೊಡುತ್ತದೆ. ಪ್ರಯೋಗಾಲಯದಲ್ಲಿ ಅನುಕೂಲವೆಂದು ಅಮೈಲೇಸಿನ ಚಟುವಟಿಕೆಯನ್ನು 37 ಡಿಗ್ರಿಯಲ್ಲಿ ಅಳೆದರೆ, 37 ಡಿಗ್ರಿಯಲ್ಲಿ ಚುರುಕಾಗಿರುವ ಕಿಣ್ವ ಹೆಚ್ಚು ಬರುವ ಸ್ಥಿತಿ ಸಿಗುತ್ತದೆ. ಕಾರ್ಖಾನೆಗೆ ಬೇಕಾದದ್ದು 95 ಡಿಗ್ರಿಯಲ್ಲಿ ಒಂದು ಗಂಟೆ ಕಳೆದ ಮೇಲೂ ಉಳಿದಿರುವ ಚಟುವಟಿಕೆ. ಈ ಎರಡರ ನಡುವೆ ಕ್ಯಾಲ್ಸಿಯಂ ನಿಂತಿದೆ. ಆಲ್ಫಾ ಅಮೈಲೇಸಿನ ಮಡಿಕೆಯನ್ನು ಬಿಗಿಹಿಡಿಯುವುದರಲ್ಲಿ ಕ್ಯಾಲ್ಸಿಯಂ ಅಯಾನುಗಳ ಪಾತ್ರ ದೊಡ್ಡದು; ತಂಪಿನಲ್ಲಿ ಅಳೆದರೆ ಅದರ ಕೊರತೆ ಕಣ್ಣಿಗೇ ಬೀಳದೆ ಹೋಗಬಹುದು. ಹಾಗೆಯೇ ಲೀಟರಿಗೆ ಎಷ್ಟು ಯೂನಿಟ್ ಕಿಣ್ವ ಬಂತೆಂಬುದರ ಬದಲು ರೂಪಾಯಿಗೆ ಎಷ್ಟು ಬಂತೆಂದು ಕೇಳಿ ನೋಡಿ. ದುಬಾರಿ ಯೀಸ್ಟ್ ಸಾರದ ಜಾಗದಲ್ಲಿ ಗೋಧಿ ಬೂಸಾ, ಶೇಂಗಾ ಹಿಂಡಿ ಬಂದು ನಿಂತಾವು.

ಫ್ಲಾಸ್ಕಿನಿಂದ ಸಾವಿರಾರು ಲೀಟರಿನ ಫರ್ಮೆಂಟರಿಗೆ ಹೋದಾಗ ಲೆಕ್ಕ ಮತ್ತೆ ಬದಲಾಗುತ್ತದೆ. ಕೈಯಲ್ಲಿ ಹಿಡಿಯುವಷ್ಟು ಫ್ಲಾಸ್ಕನ್ನು ಅಲುಗಿಸಿದರೆ ಗಾಳಿ ಎಲ್ಲ ಕಡೆ ಸೇರುತ್ತದೆ. ದೊಡ್ಡ ತೊಟ್ಟಿಯಲ್ಲಿ ಮೇಲೊಂದು ಸ್ಥಿತಿ, ತಳದಲ್ಲಿ ಇನ್ನೊಂದು; ನೊರೆ ಏಳುತ್ತದೆ, ಜೀವಿಗಳೇ ಹುಟ್ಟಿಸುವ ಶಾಖವನ್ನು ಹೊರತೆಗೆಯಬೇಕು. ಅಲ್ಲಿ ಸಮೀಕರಣದ ಜತೆಗೆ ಜೀವಿಯ ಬೆಳವಣಿಗೆಯ ನಿಯಮಗಳನ್ನೂ, 1940ರ ದಶಕದಲ್ಲಿ ಫ್ರಾನ್ಸಿನ ಜಾಕ್ ಮೊನೊ ರೂಪಿಸಿದ ಸೂತ್ರದಂಥವನ್ನು, ಹೆಣೆಯಬೇಕಾಗುತ್ತದೆ. ಫ್ಲಾಸ್ಕಿನಲ್ಲಿ ಸಿಕ್ಕ ತುದಿ ತೊಟ್ಟಿಯ ತುದಿಯಲ್ಲ. ಇದನ್ನು ತಿಳಿದವರು ಫ್ಲಾಸ್ಕಿನಲ್ಲೇ ಗಾಳಿಯನ್ನೂ ಒಂದು ಅಂಶವಾಗಿ ಸೇರಿಸಿಕೊಂಡಿರುತ್ತಾರೆ.

ಕಿಣ್ವದ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಬಯೋಕಾನ್ 1978ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದೇ ಪಪ್ಪಾಯಿಯ ಹಾಲಿನಿಂದ ತೆಗೆಯುವ ಪಪೇನ್ ಕಿಣ್ವದಂಥ ಪದಾರ್ಥಗಳೊಂದಿಗೆ. ಮೈಸೂರಿನ ಸಿಎಫ್‌ಟಿಆರ್‌ಐ ಗೋಧಿ ಬೂಸಾದಂಥ ಒದ್ದೆ ಘನಪದಾರ್ಥದ ಮೇಲೆ ಸೂಕ್ಷ್ಮಜೀವಿ ಬೆಳೆಸಿ ಕಿಣ್ವ ಪಡೆಯುವ ವಿಧಾನದಲ್ಲಿ ಹೆಸರು ಮಾಡಿದ ಸಂಸ್ಥೆ. ದಾವಣಗೆರೆ, ಹಾವೇರಿ ಸೀಮೆಯ ಮೆಕ್ಕೆಜೋಳಕ್ಕೆ ಪಿಷ್ಟದ ಕಾರ್ಖಾನೆಗಳಲ್ಲಿ ಬೇಡಿಕೆಯಿದೆ, ಆ ಪಿಷ್ಟ ಒಡೆಯಲು ಕಿಣ್ವ ಬೇಕೇ ಬೇಕು. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಕಲಿಯುವ ಮಕ್ಕಳೇ, ನಿಮ್ಮೂರಿನ ಗೊಬ್ಬರದ ರಾಶಿಯಿಂದ ಒಂದು ಬ್ಯಾಸಿಲಸ್ ತಂದಿದ್ದರೆ, ನಿಮ್ಮಲ್ಲಿ ಒಂದು ಶೇಕರ್ ಇದ್ದರೆ, ಹನ್ನೆರಡು ಫ್ಲಾಸ್ಕುಗಳ ಪ್ಲಾಕೆಟ್-ಬರ್ಮನ್ ಯೋಜನೆಯಿಂದ ಶುರುಮಾಡಿ. ಲೆಕ್ಕಕ್ಕೆ ಸಾಮಾನ್ಯ ಗಣಕಯಂತ್ರ ಸಾಕು. ನಡುಮಧ್ಯದ ಸ್ಥಿತಿಯಲ್ಲಿ ಮೂರು ಫ್ಲಾಸ್ಕುಗಳನ್ನು ಹೆಚ್ಚಿಗೆ ಇಡಿ, ಕಿಣ್ವವನ್ನು ಬಿಸಿಯಲ್ಲೇ ಅಳೆಯಿರಿ, ಮಾದರಿಯ ಊಹೆ ತಪ್ಪಿದ ಫ್ಲಾಸ್ಕುಗಳನ್ನೂ ಕೋಷ್ಟಕದಲ್ಲಿ ಬರೆಯಿರಿ. ಮುಂದಿನ ಗುಂಪು ಪ್ರಯೋಗವನ್ನು ಯಾವ ದಿಕ್ಕಿಗೆ ಸರಿಸಬೇಕೆಂದು ಆ ಕೋಷ್ಟಕದಿಂದಲೇ ತಿಳಿಯುತ್ತದೆ.